ಲೊರೆಟೊ ಮಾತೆಯ ಹಬ್ಬ: ಸಡಿಲಗೊಂಡ ಚಿಕ್ಕ ಭಾಗ



ಇಂದು ಡಿಸೆಂಬರ್ 10, ಲೊರೆಟೊ ಮಾತೆಯ ಹಬ್ಬ. ನಜರೇತಿನ ಪವಿತ್ರ ಮನೆಯನ್ನು ದೇವದೂತರು ಇಟಲಿಯ ಲೊರೆಟೊಗೆ ಹೊತ್ತು ತಂದರೆಂಬುದು ಪರಂಪರೆಯ ನಂಬಿಕೆ. ಆದ್ದರಿಂದಲೇ 1920ರಲ್ಲಿ ಜಗದ್ಗುರು 15ನೇ ಬೆನೆಡಿಕ್ಟರು ಈ ಮಾತೆಯನ್ನು ವಿಮಾನಯಾನಿಗಳ ಪಾಲಕಿಯೆಂದು ಘೋಷಿಸಿದರು. ಹಾಗಾಗಿ ಇಂದು ಒಂದು ವಿಮಾನದ ಕಥೆಯನ್ನೇ ನಾವು ಧ್ಯಾನಿಸೋಣ.

2015ರ ಮಾರ್ಚ್ 5ರಂದು ಅಮೆರಿಕದ ಸಾಂತಾ ಮೋನಿಕಾ ನಿಲ್ದಾಣದಿಂದ ಎರಡನೇ ಮಹಾಯುದ್ಧ ಕಾಲದ ಒಂದು ಸಣ್ಣ ವಿಮಾನ ಮೇಲೇರಿತು. ನಡೆಸುತ್ತಿದ್ದವರು 72 ವರ್ಷದ ಚಿತ್ರನಟ ಹ್ಯಾರಿಸನ್ ಫೋರ್ಡ್. ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಶಕ್ತಿ ಕಳೆದುಕೊಂಡಿತು. ಹಿಂತಿರುಗಲು ಯತ್ನಿಸಿದರೂ ರನ್‌ವೇ ತಲುಪಲಾಗಲಿಲ್ಲ. ವಿಮಾನ ಮರದ ತುದಿಗೆ ತಾಗಿ, ಹತ್ತಿರದ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಅವರಿಗೆ ಗಾಯಗಳಾದವು, ಆದರೆ ಪ್ರಾಣ ಉಳಿಯಿತು.

ತನಿಖೆಯಲ್ಲಿ ಕಂಡದ್ದೇನು? ಕಾರ್ಬ್ಯುರೇಟರಿನೊಳಗೆ ಇಂಧನವನ್ನು ಅಳೆದು ಬಿಡುವ ಜೆಟ್ ಎಂಬ ಚಿಕ್ಕ ಭಾಗದ ತಿರುಪು ಬಿಚ್ಚಿಕೊಂಡಿತ್ತು. ಇಂಧನಕ್ಕೆ ಕೊರತೆಯಿರಲಿಲ್ಲ, ಅದು ಅಳತೆ ಮೀರಿ ನುಗ್ಗಿತ್ತು. ಸುಮಾರು 17 ವರ್ಷಗಳ ಹಿಂದೆ ಆ ಕಾರ್ಬ್ಯುರೇಟರನ್ನು ಹೊಸದಾಗಿ ಜೋಡಿಸಿದ್ದರು. ಆ ಬಳಿಕ ಯಾರೂ ಅದನ್ನು ಬಿಚ್ಚಿ ನೋಡಿದಂತಿರಲಿಲ್ಲ.

ಪ್ರಿಯರೇ, ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ? ಹೊರಗೆ ಎಲ್ಲವೂ ಹೊಳೆಯುತ್ತದೆ. ಒಳಗೆ, ಆಸ್ತಿ ಪಾಲಿನ ದಿನ ಆಡಿದ ಒಂದು ಮಾತು ಸಡಿಲಗೊಳ್ಳುತ್ತಲೇ ಇರುತ್ತದೆ. ಅಣ್ಣತಮ್ಮಂದಿರು ಒಂದೇ ಬಲಿಪೂಜೆಗೆ ಬಂದು ಬೇರೆ ಬೇರೆ ಬಾಗಿಲಿನಿಂದ ಹೊರಡುತ್ತಾರೆ. ಯಾಜಕರಾದ ನಾವೂ ಇದಕ್ಕೆ ಹೊರತಲ್ಲ. ಪರರ ಪಾಪನಿವೇದನೆ ಕೇಳುವ ನಾವು ನಮ್ಮದನ್ನು ಮುಂದೂಡುವುದುಂಟು.

ಇನ್ನೊಂದು ಮಾತು. ಎಂಜಿನ್ ನಿಂತೊಡನೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ರೆಕ್ಕೆಗಳು ಅದನ್ನು ತೇಲಿಸುತ್ತವೆ. ಆದರೆ ಚಾಲಕ ವಿಮಾನದ ಮೂತಿಯನ್ನು ತಗ್ಗಿಸಬೇಕು. ಭಯದಿಂದ ಮೇಲಕ್ಕೆ ಎಳೆದರೆ ವೇಗ ಕುಂದಿ ರೆಕ್ಕೆಗಳ ಆಸರೆ ತಪ್ಪುತ್ತದೆ. ತಗ್ಗಿದವನು ಉಳಿಯುತ್ತಾನೆ. ನಜರೇತಿನ ಮನೆಯಲ್ಲಿ ಮಾತೆ ಮರಿಯಮ್ಮನವರೂ ದೇವರ ಚಿತ್ತಕ್ಕೆ ತಲೆಬಾಗಿದರು. ಆ ತಗ್ಗುವಿಕೆಯಲ್ಲೇ ನಮ್ಮ ರಕ್ಷಣೆಯ ದಾರಿ ತೆರೆಯಿತು.

ಕ್ರಿಸ್ತ ಜಯಂತಿಗೆ ಇನ್ನು ಹದಿನೈದು ದಿನ. ಗೋದಲಿ ಕಟ್ಟುವ ಮೊದಲು, ವರ್ಷಗಳಿಂದ ಬಿಚ್ಚಿ ನೋಡದ ಆ ಒಂದನ್ನು ಪಾಪನಿವೇದನೆಯಲ್ಲಿ ಬಿಚ್ಚೋಣ. ಮಾತು ಬಿಟ್ಟವರ ಮನೆ ಬಾಗಿಲನ್ನು ನಾವೇ ಮೊದಲು ತಟ್ಟೋಣ. ತಗ್ಗಲು ಬೇಕಾದ ಧೈರ್ಯವನ್ನು ಲೊರೆಟೊ ಮಾತೆ ನಮಗೆ ಬೇಡಿ ಕೊಡಲಿ. ಆಮೆನ್.