ನೆಣದ ಸಾಬೂನು: ಕ್ಷಾರ, ತಕ್ಕಡಿ ಮತ್ತು ಹಳ್ಳದ ನೀರು



ಹಬ್ಬ ಹರಕೆಗಳಲ್ಲಿ ಕುರಿ, ಆಡು, ಹಂದಿಯ ಅಡುಗೆ ಮಾಡುವ ಊರುಗಳಲ್ಲಿ ಮಿಕ್ಕ ನೆಣವು ಎಷ್ಟೋ ವೇಳೆ ತಿಪ್ಪೆಗೆ, ಇಲ್ಲವೇ ಹಳ್ಳದ ದಂಡೆಗೆ ಬೀಳುತ್ತದೆ. ನೀರಿಗೆ ಸೇರಿದ ನೆಣ ಕೊಳೆಯುತ್ತ, ಮೀನು ಏಡಿಗಳು ಉಸಿರಾಡಬೇಕಾದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಅದೇ ನೆಣದಿಂದ ಮನೆಬಳಕೆಯ ಗಟ್ಟಿ ಸಾಬೂನನ್ನು ತಯಾರಿಸಬಹುದು. ಆದರೆ ಆ ಕೆಲಸಕ್ಕೆ ಕೈಹಾಕುವ ಮುನ್ನ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಿಕೊಳ್ಳುವುದು ಅವಶ್ಯಕ.

ಮನೆಯಲ್ಲಿ ಮಾಡಿದ ಸಾಬೂನು ‘ರಾಸಾಯನಿಕವಿಲ್ಲದ್ದು’ ಎಂಬ ಮಾತು ಪರಿಸರಾಸಕ್ತರ ನಡುವೆಯೂ ಬಳಕೆಯಲ್ಲಿದೆ. ಇದು ನಿಜವಲ್ಲ. ಕ್ಷಾರವಿಲ್ಲದೆ ಸಾಬೂನಿಲ್ಲ. ನೆಣದ ಪ್ರತಿಯೊಂದು ಅಣುವಿನಲ್ಲಿ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್ನಿಗೆ ಅಂಟಿಕೊಂಡಿರುತ್ತವೆ. ತೀಕ್ಷ್ಣ ಕ್ಷಾರವು ಆ ಬಂಧವನ್ನು ಕಡಿಯುತ್ತದೆ. ಕೊಬ್ಬಿನಾಮ್ಲವು ಕ್ಷಾರದೊಡನೆ ಕೂಡಿ ಸಾಬೂನಾಗುತ್ತದೆ, ಗ್ಲಿಸರಿನ್ ಬೇರೆಯಾಗಿ ಉಳಿಯುತ್ತದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರೂಲ್ ಪ್ರಾಣಿಗಳ ಕೊಬ್ಬನ್ನೇ ಪರೀಕ್ಷಿಸಿ ಈ ಸಂಗತಿಯನ್ನು ವಿವರಿಸಿದ ಗ್ರಂಥವನ್ನು 1823ರಲ್ಲಿ ಪ್ರಕಟಿಸಿದನು. ಅಳತೆ ಸರಿಯಾಗಿದ್ದರೆ ಸಿದ್ಧವಾದ ಸಾಬೂನಿನಲ್ಲಿ ಬಿಡಿ ಕ್ಷಾರ ಉಳಿಯುವುದಿಲ್ಲ. ಅಳತೆ ತಪ್ಪಿದರೆ ಅದು ಚರ್ಮವನ್ನು ಸುಡುತ್ತದೆ. ಆದುದರಿಂದ ಈ ಕೆಲಸದಲ್ಲಿ ಮುಖ್ಯವಾದ ಸಲಕರಣೆ ತಕ್ಕಡಿ.

ಒಲೆಯ ಬೂದಿಯೂ ಕ್ಷಾರವೇ. ಬೂದಿಯನ್ನು ನೆನೆಸಿ ಸೋಸಿದ ನೀರಿಗೆ ಸುಣ್ಣ ಬೆರೆಸಿದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದೊರೆಯುತ್ತದೆ. ಅದರಿಂದ ಆಗುವುದು ಲೋಳೆಯಂತಹ ಮೆತ್ತನೆಯ ಸಾಬೂನು. ಆದರೆ ಬೂದಿಯ ಸತ್ತ್ವ ಒಂದೊಂದು ಮರದ ಸೌದೆಗೆ ಒಂದೊಂದು ಬಗೆ. ಹೊಸಬರು ಅಂಗಡಿಯ ಕಾಸ್ಟಿಕ್ ಸೋಡಾದಿಂದ ಆರಂಭಿಸುವುದು ಲೇಸು. ಅಡುಗೆ ಸೋಡಾ, ಬಟ್ಟೆ ಒಗೆಯುವ ಸೋಡಾಗಳಿಂದ ಈ ಕೆಲಸ ಆಗದು.

ಮೊದಲು ನೆಣವನ್ನು ಸಣ್ಣಗೆ ಹೆಚ್ಚಿ, ಮುಳುಗುವಷ್ಟು ನೀರು, ಸ್ವಲ್ಪ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕರಗಿಸಬೇಕು. ಬಟ್ಟೆಯಲ್ಲಿ ಸೋಸಿ ರಾತ್ರಿಯಿಡೀ ಬಿಟ್ಟರೆ ಮೇಲೆ ಬಿಳಿಯ ಕೊಬ್ಬು ಹೆಪ್ಪುಗಟ್ಟುತ್ತದೆ. ಅದರ ಅಡಿಗೆ ಅಂಟಿದ ಕಲ್ಮಷವನ್ನು ಹೆರೆದು ತೆಗೆಯಬೇಕು. ಇದನ್ನು ಎರಡು ಮೂರು ಬಾರಿ ಮಾಡಿದರೆ ವಾಸನೆ ತಗ್ಗುತ್ತದೆ.

ಹೀಗೆ ಶುದ್ಧಿಮಾಡಿದ 1 ಕಿಲೋ ಕುರಿಯ ಅಥವಾ ಹಂದಿಯ ಕೊಬ್ಬು ಪೂರ್ತಿ ಸಾಬೂನಾಗಲು ಸುಮಾರು 139 ಗ್ರಾಂ ಶುದ್ಧ ಕಾಸ್ಟಿಕ್ ಸೋಡಾ ಬೇಕು. ಅಪಾಯವಾಗದಂತೆ 130 ಗ್ರಾಂ ಮಾತ್ರ ಹಾಕಿ, ಒಂದಿಷ್ಟು ಕೊಬ್ಬು ಹಾಗೆಯೇ ಉಳಿಯಲು ಬಿಡುವುದು ಕ್ರಮ. 300 ಗ್ರಾಂ ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಬೇಕು. ಸೋಡಾದ ಮೇಲೆ ನೀರನ್ನು ಎಂದಿಗೂ ಸುರಿಯಬಾರದು, ಅದು ಕುದಿದು ಸಿಡಿಯುತ್ತದೆ. ಎರಡೂ ಸುಮಾರು 50 ಡಿಗ್ರಿ ಶಾಖದಲ್ಲಿರುವಾಗ ಕ್ಷಾರದ ನೀರನ್ನು ಕರಗಿದ ಕೊಬ್ಬಿಗೆ ಎರೆದು, ದೋಸೆಹಿಟ್ಟಿನಷ್ಟು ಮಂದವಾಗುವವರೆಗೆ ಕಲಕಬೇಕು. ಅಚ್ಚಿಗೆ ಸುರಿದು, ಒಂದೆರಡು ದಿನಗಳ ಬಳಿಕ ಕತ್ತರಿಸಿ, ಗಾಳಿಯಾಡುವಲ್ಲಿ ನಾಲ್ಕರಿಂದ ಆರು ವಾರ ಒಣಗಿಸಬೇಕು. ನಮ್ಮ ಮಳೆಗಾಲ ಇದಕ್ಕೆ ಒಗ್ಗದು. ಜನವರಿಯಿಂದ ಏಪ್ರಿಲ್‌ವರೆಗಿನ ಬಿಸಿಲುಗಾಲವೇ ಸೂಕ್ತ. ಕತ್ತರಿಸಿದಾಗ ಒಳಗೆ ದ್ರವದ ಗುಳಿಯೋ ಬಿಳಿಯ ಹರಳೋ ಕಂಡುಬಂದರೆ ಆ ಸಾಬೂನನ್ನು ಮೈಗೆ ಹಚ್ಚಕೂಡದು.

ಎಚ್ಚರಿಕೆಯ ಮಾತುಗಳನ್ನು ಹಗುರಾಗಿ ಕಾಣಬಾರದು. ಕೆಲಸ ಹೊರಗಿನ ಗಾಳಿಯಲ್ಲಿ ನಡೆಯಲಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಗವಸು ಇರಲಿ. ಮಕ್ಕಳು, ಸಾಕುಪ್ರಾಣಿಗಳು ಹತ್ತಿರ ಸುಳಿಯದಿರಲಿ. ಸ್ಟೀಲಿನ ಪಾತ್ರೆಯೇ ಆಗಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುತ್ತದೆ, ಉರಿಯುವ ಜಲಜನಕ ಹೊರಡುತ್ತದೆ. ಸೋಡಾ ತಾಗಿದರೆ ಕೂಡಲೇ ಕನಿಷ್ಠ 20 ನಿಮಿಷ ಧಾರಾಳ ನೀರಿನಿಂದ ತೊಳೆಯಬೇಕು, ನಿಂಬೆಹುಳಿ ಹಚ್ಚಬಾರದು. ಕಣ್ಣಿಗೆ ಬಿದ್ದರೆ ತೊಳೆದ ತಕ್ಷಣ ವೈದ್ಯರಲ್ಲಿಗೆ ಹೋಗಬೇಕು.

ನೆಣವನ್ನು ಮುಟ್ಟದ ಮನೆಗಳೂ ನಮ್ಮ ನಡುವೆ ಉಂಟು. ಅವರಿಗೆ ತೆಂಗಿನೆಣ್ಣೆಯಂತಹ ದಾರಿಗಳಿವೆ. ಆದರೆ ಒಂದರ ಲೆಕ್ಕ ಇನ್ನೊಂದಕ್ಕೆ ಸಲ್ಲದು: 1 ಕಿಲೋ ತೆಂಗಿನೆಣ್ಣೆಗೆ ಸುಮಾರು 180 ಗ್ರಾಂ ಸೋಡಾ ಬೇಕಾಗುತ್ತದೆ. ಅಷ್ಟೇ ಸೋಡಾವನ್ನು ನೆಣಕ್ಕೆ ಹಾಕಿದರೆ ಮೈ ಸುಡುವ ಸಾಬೂನಾದೀತು. ನೆಣದ ಸಾಬೂನನ್ನು ಅನ್ಯರಿಗೆ ಕೊಡುವಾಗ ಯಾವ ಪ್ರಾಣಿಯದೆಂದು ತಿಳಿಸಿಯೇ ಕೊಡುವುದು ಧರ್ಮ. ಕಾಡುಹಂದಿಯ ನೆಣದ ಮಾತು ಮಾತ್ರ ಬರಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದರ ಬೇಟೆ ಅಪರಾಧ.

ಕೊನೆಯದಾಗಿ ಹಳ್ಳದ ವಿಚಾರ. ನೆಣವನ್ನು ಹಳ್ಳದಿಂದ ಉಳಿಸಿ, ಆ ನೆಣದ ಸಾಬೂನಿನ ನೊರೆಯನ್ನು ಅದೇ ಹಳ್ಳಕ್ಕೆ ಹರಿಸಿದರೆ ಸಾಧಿಸಿದ್ದೇನು? ಸಾಬೂನು ಮಣ್ಣಿನಲ್ಲಿ ಸೂಕ್ಷ್ಮಜೀವಿಗಳಿಂದ ಬೇಗ ಕರಗಿಹೋಗುತ್ತದೆ ನಿಜ. ಆದರೆ ನೀರಿನಲ್ಲಿ ಅದು ಮೀನಿನ ಕಿವಿರುಗಳಿಗೆ ಕೇಡು. ಮನೆಯಲ್ಲಿ ಮಾಡಿದ್ದೆಂಬ ಕಾರಣಕ್ಕೆ ಯಾವ ಸಾಬೂನೂ ಹೊಳೆಗೆ ನಿರಪಾಯಕಾರಿಯಾಗುವುದಿಲ್ಲ. ಒಗೆಯುವ ಕಲ್ಲು ಹಳ್ಳದಿಂದ ದೂರವಿರಲಿ, ಒಗೆದ ನೀರು ಬಾಳೆಯ ಬುಡದ ಮಣ್ಣಿಗೆ ಇಂಗಲಿ. ಒಂದೇ ಬುಡಕ್ಕೆ ನಿತ್ಯ ಬಿಡದೆ ಜಾಗ ಬದಲಿಸುತ್ತಿರಲಿ, ಏಕೆಂದರೆ ಸೋಡಿಯಂ ಕೂಡಿದಷ್ಟೂ ಮಣ್ಣು ಕೆಡುತ್ತದೆ. ಮಲೆನಾಡಿನ ನೀರು ಬಹುಮಟ್ಟಿಗೆ ಮೆದು, ಸ್ವಲ್ಪ ಸಾಬೂನಿಗೇ ಸಾಕಷ್ಟು ನೊರೆ ಬರುತ್ತದೆ. ಇನ್ನೊಬ್ಬರ ಕುಡಿಯುವ ನೀರಿನ ಮೇಲ್ಭಾಗದಲ್ಲಿ ವಾಸಿಸುವ ನಾವು ತಯಾರಿಕೆಯಲ್ಲಿ ತಕ್ಕಡಿಯನ್ನು ನಂಬಿದಂತೆ ಬಳಕೆಯಲ್ಲಿಯೂ ಮಿತಿಯನ್ನು ಪಾಲಿಸಬೇಕಾಗಿದೆ.