ಬಾವಲಿಗೂ ಒಂದು ಗಣತಿ
(ಭಾಷಣದ ಬರಹರೂಪ)



ಹುಲಿಗಣತಿ, ಆನೆಗಣತಿಗಳ ಸುದ್ದಿ ನಮಗೆ ಹೊಸತಲ್ಲ. ಬಾವಲಿಯನ್ನು ಎಣಿಸೋಣವೆಂದರೆ ಮಾತ್ರ ನಗುತ್ತಾರೆ. ಹಣ್ಣಡಿಕೆಯ ಸಿಪ್ಪೆ ಚೀಪಿ ಕಂಡಕಂಡಲ್ಲಿ ಉದುರಿಸುವ ಪ್ರಾಣಿಗೆ ಲೆಕ್ಕ ಬೇರೆ ಕೇಡೇ ಎಂಬ ಪ್ರಶ್ನೆ ತೋಟಿಗರದು. ಅತ್ತಿ, ಆಲ, ಸುರಹೊನ್ನೆಯ ಬೀಜಗಳನ್ನು ಬಿತ್ತುವುದೂ ಅದೇ ಬಾವಲಿ ಎಂಬುದನ್ನು ಅವರೂ ಬಲ್ಲರು.

ಕೋಲಾರ ಜಿಲ್ಲೆಯ ಹನುಮನಹಳ್ಳಿಯನ್ನು ಗಮನಿಸಿ. ಎಲೆಮೂಗಿನ ಬಾವಲಿಗಳಲ್ಲಿ ಒಂದು ಹೊಸ ಪ್ರಭೇದವನ್ನು 1994ರಲ್ಲಿ ವಿಜ್ಞಾನಿಗಳು ಅಲ್ಲಿಂದ ವಿವರಿಸಿದರು. ಮುಂದೆ ಎಣಿಸಲು ಹೋದವರಿಗೆ ಕಂಡದ್ದು ಒಂದೇ ಗುಹೆ, ಇನ್ನೂರಕ್ಕೂ ಕಡಿಮೆ ಜೀವಗಳು. ಸುತ್ತಲೂ ಗ್ರಾನೈಟ್ ಗಣಿಗಾರಿಕೆ. 2016ರಲ್ಲಿ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಯೆಂದು ಗುರುತಿಸಲಾಯಿತು. ಆ ಸಂಖ್ಯೆಯೊಂದು ಕೈಯಲ್ಲಿರದಿದ್ದರೆ ಕಲ್ಲು ಒಡೆಯುವವರ ಮುಂದೆ ಗುಹೆಯ ಪರವಾಗಿ ಏನೆಂದು ವಾದಿಸುವುದು? ನಮ್ಮ ಘಟ್ಟದಲ್ಲಿಯೇ, ಖಾನಾಪುರ ತಾಲ್ಲೂಕಿನ ಬಾರಾಪೆಡೆ ಗುಹೆಗಳಿಂದ 1913ರಲ್ಲಿ ವಿವರಿಸಲ್ಪಟ್ಟ ರಾಟನ್ ಬಾವಲಿಯೂ ಹಲವು ದಶಕಗಳ ಕಾಲ ಬೇರೆಲ್ಲೂ ಕಂಡಿರಲಿಲ್ಲ.

ಎಣಿಸುವ ಕ್ರಮ ಕಷ್ಟದ್ದಲ್ಲ, ತಾಳ್ಮೆಯದು. ಸೂರ್ಯ ಮುಳುಗುವ ಮುನ್ನವೇ ಗುಹೆಯ ಬಾಯಿಂದ ತುಸು ದೂರದಲ್ಲಿ, ಆಕಾಶದ ಬೆಳಕಿಗೆ ಎದುರಾಗಿ ಕುಳಿತುಕೊಳ್ಳಬೇಕು. ಹೊರಟವನ್ನು ಕೂಡಿಸಿ, ಮರಳಿ ಒಳಹೊಕ್ಕವನ್ನು ಕಳೆಯಬೇಕು. ಇಬ್ಬರು ಬೇರೆಬೇರೆಯಾಗಿ ಎಣಿಸಿ ಕೊನೆಗೆ ತಾಳೆ ನೋಡುವುದು ಒಳ್ಳೆಯದು. ಎಣಿಕೆಯ ನಡುವೆ ಮಾತಿಗಿಳಿದರೆ ಲೆಕ್ಕ ತಪ್ಪಿತೆಂದೇ ತಿಳಿಯಿರಿ. ಮರದಲ್ಲಿ ಜೋತುಬೀಳುವ ದೊಡ್ಡ ಬಾವಲಿಗಳನ್ನು ಹಗಲಿನಲ್ಲೇ ಕೊಂಬೆಗೊಂದು ಪಾಲು ಮಾಡಿ ಎಣಿಸಬಹುದು. ಕೀಟಾಹಾರಿಗಳ ಕೂಗು ಬಹುಮಟ್ಟಿಗೆ ನಮ್ಮ ಕಿವಿಗೆ ನಿಲುಕದು. ಅದನ್ನು ಕೇಳುವ ಸದ್ದಾಗಿಸುವ ಉಪಕರಣಗಳಿವೆ. ಅವಿಲ್ಲದೆಯೂ ಕೆಲಸ ಆರಂಭಿಸಬಹುದು.

ಒಂದು ವರ್ಷದ ಸಂಖ್ಯೆ ಏನನ್ನೂ ಹೇಳದು. ಅದೇ ತಾಣ, ಅದೇ ತಿಂಗಳು, ಅದೇ ಕ್ರಮ, ಹೀಗೆ ಹಲವು ವರ್ಷ ನಡೆದರೆ ಏರಿಳಿತ ತಿಳಿಯುತ್ತದೆ. ಹೆಚ್ಚಿನ ಬಾವಲಿಗಳು ಒಂದು ಸಲಕ್ಕೆ ಒಂದೇ ಮರಿ ಹಾಕುವುದರಿಂದ ಕುಸಿದ ಸಂಖ್ಯೆ ಬೇಗ ಮೇಲೇಳದು. ಆದ್ದರಿಂದಲೇ ಮರಿಗಳಿರುವ ಕಾಲದಲ್ಲಿ ಗುಹೆಯ ಒಳಗೆ ಕಾಲಿಡಕೂಡದು, ಟಾರ್ಚ್ ಬಿಡಕೂಡದು.

ಹಣ್ಣುತಿನ್ನುವ ಬಾವಲಿಗಳನ್ನು 1972ರ ವನ್ಯಜೀವಿ ಕಾಯ್ದೆ ಬಹುಕಾಲ ಪೀಡೆಪ್ರಾಣಿಗಳ ಪಟ್ಟಿಯಲ್ಲಿಟ್ಟಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಜನರ ಮನಸ್ಸಿನ ಪಟ್ಟಿ ಇನ್ನೂ ಉಳಿದಿದೆ. 2018ರಲ್ಲಿ ಕೇರಳದಲ್ಲಿ ನಿಪಾ ಕಾಣಿಸಿಕೊಂಡ ಮೇಲೆ ಭಯವೂ ಸೇರಿತು. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ, ಬರಿಗೈಯಲ್ಲಿ ಅದನ್ನು ಮುಟ್ಟಬೇಡಿ. ಇದು ಸರಿಯಾದ ಎಚ್ಚರ. ಆದರೆ ಹೊಗೆ ಹಾಕಿ, ಮರ ಕಡಿದು ಓಡಿಸಿದರೆ ಅವು ಚದುರಿ ಬೇರೆ ಊರು ಸೇರುತ್ತವೆ, ಅಷ್ಟೆ.

ಶಾಲೆಗೊಂದು ಪುಸ್ತಕವಿಡಿ. ದಿನಾಂಕ, ಮೋಡವಿತ್ತೇ, ಮೊದಲ ಬಾವಲಿ ಹೊರಟ ಹೊತ್ತು, ಕೊನೆಯ ಎಣಿಕೆ, ಎಣಿಸಿದವರ ಹೆಸರು ಇಷ್ಟನ್ನು ಬರೆದರೆ ಸಾಕು. ಒಂದೂ ಕಾಣದ ಸಂಜೆಯಲ್ಲಿ ಸೊನ್ನೆಯನ್ನೂ ಬರೆಯಿರಿ.