ಘಟ್ಟವೇರುವ ಸೆಕೆ, ಬಯಲಿಗೆರಗುವ ಸಿಡಿಲು
(ಕೂಡಲಸಂಗಮದಲ್ಲಿ ಮಾಡಿದ ಭಾಷಣ)

ಘಟ್ಟದ ಊರುಗಳಿಂದ ಬಂದಿರುವ ಬಂಧುಗಳೇ, ವಿದ್ಯಾರ್ಥಿಗಳೇ,

ಇಲ್ಲಿ ಕೃಷ್ಣೆಯನ್ನು ಕೂಡುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ನಿಮ್ಮದೇ ಘಟ್ಟದ ನೆತ್ತಿಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಕಾರವಾರ, ಮಂಗಳೂರುಗಳಲ್ಲಿ ಬೆವರು ಆರುವುದಿಲ್ಲ. ಗಾಳಿಯಲ್ಲಿ ಅಷ್ಟು ಕಡಲಿನ ತೇವವಿರುತ್ತದೆ. ಆ ಗಾಳಿಯೇ ಮಧ್ಯಾಹ್ನ ಘಟ್ಟವೇರಿ ತಣಿದು ಗುಡುಗುಮೋಡವಾಗುತ್ತದೆ. ಈ ಬಯಲುಸೀಮೆಯಲ್ಲಿ ಸೆಕೆಗಿಂತ ಬಿಸಿಲಿನ ಝಳವೇ ಹೆಚ್ಚು. ಆದರೂ ತೇವ ಬಂದು ಸೇರಿದ ಸಂಜೆ ಅಡ್ಡಮಳೆ, ಸಿಡಿಲು ಎರಡೂ ಬರುತ್ತವೆ. ರೈತನು ಹಾದಿ ಕಾಯುವ ಭರಣಿ ಮಳೆಯೇ ಕುರಿಗಾಹಿಯ ಜೀವಕ್ಕೆ ಎರವಾಗಬಲ್ಲದು.

ಒಂಟಿ ಮರ ಆಸರೆಯಲ್ಲ. ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗಿದೆಯೆಂದರ್ಥ. ಕೂಡಲೇ ಗಟ್ಟಿ ಕಟ್ಟಡದೊಳಗೆ ಸೇರಬೇಕು. ಕಡೆಯ ಗುಡುಗಿನ ನಂತರವೂ 30 ನಿಮಿಷ ಹೊರಬರಬಾರದು. ಪುಣೆಯ ಹವಾಮಾನ ವಿಜ್ಞಾನಿಗಳ ‘ದಾಮಿನಿ’ ಆ್ಯಪ್ ಮುನ್ನೆಚ್ಚರಿಕೆ ಕೊಡುತ್ತದೆ, ನಿಜ. ಆದರೆ ಅಂಥ ಮೊಬೈಲಿಲ್ಲದ ಕುರಿಗಾಹಿಗೆ ಅದನ್ನು ಮುಟ್ಟಿಸುವವರು ಯಾರು? ವಿದ್ಯಾರ್ಥಿಗಳೇ, ನಿಮ್ಮೂರಿನ ಗುಡಿಯ ಧ್ವನಿವರ್ಧಕದಲ್ಲಿ ಕೂಗಿ ಹೇಳುವ ಹೊಣೆ ನಿಮಗಿರಲಿ.